ಮುಳ್ಳು ಸುಳ್ಳು ಹೇಳಿದಾಗ

ನೆಲವನ್ನು ಬಿಟ್ಟು ಮೇಲೇರುವ ಮೊದಲ ಎರಡು ಮೂರು ನಿಮಿಷಗಳು ವಿಮಾನಯಾನದ ಕಾಲಮಾನದಲ್ಲಿ ಅತ್ಯಲ್ಪವಾದ ಭಾಗವೇ ಆದರೂ, ಇಂಧನದ ಭಾರ ಪೂರ್ಣವಾಗಿಯೂ, ವೇಗವು ಇನ್ನೂ ಪರಿಮಿತವಾಗಿಯೂ, ನೆಲವು ಅತಿಸಮೀಪವಾಗಿಯೂ ಇರತಕ್ಕ ಆ ಅವಧಿಯಲ್ಲಿ ಚಾಲಕನ ಮೇಲೆ ಬೀಳುವಷ್ಟು ಹೊಣೆ ಪ್ರಯಾಣದ ಮಿಕ್ಕ ಯಾವ ಘಟ್ಟದಲ್ಲಿಯೂ ಬೀಳುವುದು ಅಪರೂಪ. 35,000 ಅಡಿಗಳ ಎತ್ತರದಲ್ಲಿ ನಿಶ್ಚಿಂತವಾಗಿ ಸಾಗುತ್ತಿರುವಾಗ ಕಾಕ್‌ಪಿಟ್ಟಿನ ಮಾಪಕವೊಂದು ಕೆಟ್ಟರೆ, ಕೈಪಿಡಿಯನ್ನು ತೆರೆದು ನೋಡುವುದಕ್ಕೂ ಸಹಚಾಲಕನೊಡನೆ ಸಮಾಲೋಚಿಸುವುದಕ್ಕೂ ಅವಕಾಶವುಂಟು. 500 ಅಡಿಗಳ ಎತ್ತರದಲ್ಲಿ ಅದೇ ಮಾಪಕವು ಕೆಟ್ಟರೆ ಆ ಅವಕಾಶವಿಲ್ಲ. ಅದಕ್ಕಿಂತಲೂ ಕಷ್ಟದ ಸಂಗತಿಯೆಂದರೆ, ಕೆಟ್ಟ ಮಾಪಕವು ತಾನು ಕೆಟ್ಟಿದ್ದೇನೆಂದು ಸಾರುವುದು ವಿರಳ. ಅದರ ಮುಳ್ಳು ಎಂದಿನ ಗಾಂಭೀರ್ಯದಿಂದಲೇ ಚಲಿಸುತ್ತ, ಇಲ್ಲದ ವೇಗವನ್ನೂ ಇಲ್ಲದ ಎತ್ತರವನ್ನೂ ತೋರಿಸುತ್ತದೆ. ಅಂಥ ಮುಳ್ಳನ್ನು ಎದುರಿಸುವ ವಿವೇಕವನ್ನು ವೈಮಾನಿಕರು ಹೇಗೆ ಸಂಪಾದಿಸಿದರು, ಅದಕ್ಕಾಗಿ ಎಷ್ಟು ಜೀವಗಳನ್ನು ತೆತ್ತರು ಎಂಬುದು ಆಧುನಿಕ ನಾಗರಿಕತೆಯ ಚರಿತ್ರೆಯಲ್ಲಿ ಓದತಕ್ಕ ಒಂದು ಅಧ್ಯಾಯ.

ಆದಿಯಲ್ಲಿ ಮಾಪಕಗಳೇ ಇರಲಿಲ್ಲವೆಂದರೂ ಸಲ್ಲುತ್ತದೆ. 1903ನೆಯ ಇಸವಿಯ ಡಿಸೆಂಬರ್ 17ರಂದು ಕಿಟ್ಟಿಹಾಕ್ ಸಮೀಪದ ಮರಳುದಿಬ್ಬಗಳ ಬಳಿ ರೈಟ್ ಸಹೋದರರು ಹಾರಿಸಿದ ಯಂತ್ರದಲ್ಲಿ ಗಾಳಿಯ ವೇಗವನ್ನು ಅಳೆಯುವ ಸಾಧನವೊಂದು, ಕಾಲವನ್ನು ಅಳೆಯುವ ಗಡಿಯಾರವೊಂದು, ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಯಂತ್ರವೊಂದು, ಇಷ್ಟೇ ಇದ್ದವು. ಅವೂ ಹಾರಾಟದ ಫಲವನ್ನು ಆಮೇಲೆ ಲೆಕ್ಕ ಹಾಕುವುದಕ್ಕೆ ಇದ್ದವೇ ಹೊರತು ಹಾರುತ್ತಿರುವವನಿಗೆ ದಾರಿ ತೋರುವುದಕ್ಕಲ್ಲ. ಅನಂತರದ ತಲೆಮಾರಿನ ವೈಮಾನಿಕರು ರೆಕ್ಕೆಗಳನ್ನು ಬಿಗಿದ ತಂತಿಗಳಲ್ಲಿ ಗಾಳಿಯು ಸುಯ್ಯೆನ್ನುವ ಸ್ವರವನ್ನು ಕೇಳಿ ವೇಗವನ್ನೂ, ಕೆನ್ನೆಗೆ ಬಡಿಯುವ ಗಾಳಿಯ ದಿಕ್ಕನ್ನು ಅರಿತು ವಾಲುವಿಕೆಯನ್ನೂ, ಕಣ್ಣೆದುರಿನ ದಿಗಂತವನ್ನು ನೋಡಿ ಸಮತೋಲವನ್ನೂ ತಿಳಿಯುತ್ತಿದ್ದರು. ಮೋಡವು ಕವಿಯದೆ, ರಾತ್ರಿಯು ಬಾರದೆ ಇರುವವರೆಗೆ ಈ ವಿದ್ಯೆ ಸಾಕಾಗಿತ್ತು. ಮೋಡದೊಳಗೆ ಹೊಕ್ಕವರಲ್ಲಿ ಅನೇಕರು ಹೊರಬಂದದ್ದು ಗಿರಗಿರನೆ ಸುತ್ತುತ್ತ ನೆಲದ ಕಡೆಗೆ.

ವೇಗವನ್ನು ಅಳೆಯುವ ಉಪಾಯವು ವಿಮಾನಕ್ಕಿಂತ ಬಹಳ ಹಿಂದಿನದು. ಫ್ರಾನ್ಸಿನ ಎಂಜಿನಿಯರಾದ ಆನ್ರಿ ಪೀಟೋ ಎಂಬಾತನು 1732ರಲ್ಲಿ ಪ್ಯಾರಿಸ್ ನಗರದ ಸೇನ್ ನದಿಯ ಪ್ರವಾಹವನ್ನು ಅಳೆಯುವುದಕ್ಕಾಗಿ, ತುದಿಯನ್ನು ಬಾಗಿಸಿದ ಗಾಜಿನ ನಳಿಕೆಯೊಂದನ್ನು ಹರಿವಿಗೆ ಎದುರಾಗಿ ನೀರಿನಲ್ಲಿ ಹಿಡಿದನು. ಪ್ರವಾಹವು ಎಷ್ಟು ರಭಸವಾಗಿದ್ದಿತೋ ನಳಿಕೆಯೊಳಗೆ ನೀರು ಅಷ್ಟು ಮೇಲಕ್ಕೆ ಏರಿತು. ಇಂದಿಗೂ ವಿಮಾನದ ಮೂಗಿನ ಪಕ್ಕದಲ್ಲಿ ಬೆರಳಿನಂತೆ ಮುಂದಕ್ಕೆ ಚಾಚಿಕೊಂಡಿರುವ ಲೋಹದ ನಳಿಕೆಗೆ ಆತನ ಹೆಸರೇ ಉಳಿದಿದೆ. ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನು ಈ ನಳಿಕೆಯು ಗ್ರಹಿಸುತ್ತದೆ; ಸುತ್ತಲಿನ ನಿಶ್ಚಲವಾದ ವಾಯುವಿನ ಒತ್ತಡವನ್ನು ವಿಮಾನದ ಪಾರ್ಶ್ವದಲ್ಲಿರುವ ಸಣ್ಣ ರಂಧ್ರಗಳು ಗ್ರಹಿಸುತ್ತವೆ. ಎರಡಕ್ಕೂ ಇರುವ ಅಂತರವೇ ವೇಗದ ಅಳತೆ. ಆ ಪಾರ್ಶ್ವರಂಧ್ರಗಳ ಒತ್ತಡವೊಂದರಿಂದಲೇ ಎತ್ತರವನ್ನು ತೋರುವ ಆಲ್ಟಿಮೀಟರೂ, ಏರಿಳಿತದ ಗತಿಯನ್ನು ತೋರುವ ಮಾಪಕವೂ ನಡೆಯುತ್ತವೆ. ನೂರಾರು ಮಂದಿಯ ಪ್ರಾಣವು ಕಿರುಬೆರಳು ಕೂಡ ತೂರಲಾರದ ಕೆಲವು ತೂತುಗಳನ್ನು ಆಶ್ರಯಿಸಿಕೊಂಡಿದೆಯೆಂಬುದನ್ನು ಓದುಗರು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ವೇಗ ಎತ್ತರಗಳನ್ನು ಅಳೆದ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ತಾನು ನೆಟ್ಟಗಿದ್ದೇನೆಯೋ ವಾಲಿದ್ದೇನೆಯೋ ಎಂಬುದನ್ನು ಮನುಷ್ಯನು ಕಣ್ಣಿನ ನೆರವಿಲ್ಲದೆ ತಿಳಿಯಬಲ್ಲನೆಂಬ ನಂಬಿಕೆಯೊಂದು ವೈಮಾನಿಕರಲ್ಲಿ ದೃಢವಾಗಿತ್ತು. ಅದನ್ನು ಮುರಿದವನು ಅಮೆರಿಕದ ಸೇನೆಯ ವೈಮಾನಿಕ ವಿಲಿಯಂ ಓಕರ್. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇವಿಡ್ ಮೈಯರ್ಸ್ ಎಂಬ ಸೇನಾವೈದ್ಯನು ಆತನನ್ನು ತಿರುಗುವ ಕುರ್ಚಿಯ ಮೇಲೆ ಕುಳ್ಳಿರಿಸಿ, ಕಣ್ಣು ಮುಚ್ಚಿಸಿ, ಮೆಲ್ಲನೆ ಸುತ್ತಿಸಿ, ಯಾವ ಕಡೆಗೆ ತಿರುಗುತ್ತಿದ್ದೀಯೆಂದು ಕೇಳಿದನು. ಕುರ್ಚಿಯು ಒಂದೇ ಸಮನಾಗಿ ತಿರುಗತೊಡಗಿದಾಗ ನಿಂತಿತೆಂದೂ, ಅದರ ವೇಗ ತಗ್ಗಿದಾಗ ಎದುರು ದಿಕ್ಕಿಗೆ ತಿರುಗಿತೆಂದೂ ಓಕರನಿಗೆ ನಿಸ್ಸಂದೇಹವಾಗಿ ತೋರಿತು. ಕಿವಿಯೊಳಗಿನ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ಚಲನೆಯ ಬದಲಾವಣೆಯನ್ನು ಮಾತ್ರ ಅರಿಯಬಲ್ಲದು. ಒಂದೇ ಗತಿಯ ಚಲನೆಯನ್ನಾಗಲಿ, ಅತಿ ನಿಧಾನವಾದ ವಾಲುವಿಕೆಯನ್ನಾಗಲಿ ಅದು ಅರಿಯದು. ಓಕರನು ಸುಮ್ಮನಾಗಲಿಲ್ಲ. ವಿಮಾನದ ತಿರುವುಮಾಪಕವನ್ನೂ ಒಂದು ಟಾರ್ಚನ್ನೂ ಪೆಟ್ಟಿಗೆಯೊಂದರಲ್ಲಿ ಹೊಂದಿಸಿಕೊಂಡು ಬಂದು, ಅದನ್ನು ಮುಖಕ್ಕೆ ಒತ್ತಿ ಹಿಡಿದು, ಅದೇ ಕುರ್ಚಿಯ ಮೇಲೆ ಕುಳಿತನು. ಈ ಸಾರಿ ಆತನು ಕೊಟ್ಟ ಉತ್ತರಗಳೆಲ್ಲ ಸರಿಯಾಗಿದ್ದವು. ಕಣ್ಣು ಕಟ್ಟಿದ ಪಾರಿವಾಳಗಳನ್ನು ವಿಮಾನದಿಂದ ಕೆಳಕ್ಕೆ ಬಿಟ್ಟು ನೋಡಿದಾಗ, ಹುಟ್ಟಿನಿಂದಲೇ ಹಾರುವ ಆ ಹಕ್ಕಿಗಳೂ ಹಾರಲಾರದೆ ರೆಕ್ಕೆಗಳನ್ನು ಚಾಚಿ ಹಿಡಿದು ತೇಲುತ್ತ ಇಳಿದುವು. ಶರೀರದ ಸಾಕ್ಷ್ಯಕ್ಕಿಂತ ಮಾಪಕದ ಸಾಕ್ಷ್ಯವು ಮಿಗಿಲೆಂಬ ಸಿದ್ಧಾಂತವು ಹೀಗೆ ಸ್ಥಾಪಿತವಾಯಿತು.

ಆ ಸಿದ್ಧಾಂತವನ್ನು ಲೋಕದ ಮುಂದೆ ಪ್ರತ್ಯಕ್ಷವಾಗಿ ತೋರಿಸಿದ ಕೀರ್ತಿ ಜಿಮ್ಮಿ ಡೂಲಿಟಲ್‌ಗೆ ಸಲ್ಲುತ್ತದೆ. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಸಮೀಪದ ಮಿಚೆಲ್ ಫೀಲ್ಡ್‌ನಲ್ಲಿ ಆತನು ವಿಮಾನದ ಹಿಂದಿನ ಆಸನದಲ್ಲಿ ಕುಳಿತು, ಹೊರಗಿನ ಲೋಕವು ಕಾಣದಂತೆ ಮೇಲೆ ಮುಸುಕನ್ನು ಹಾಕಿಸಿಕೊಂಡು, ಮಾಪಕಗಳನ್ನಷ್ಟೇ ನೋಡುತ್ತ ನೆಲದಿಂದ ಏರಿ, ಸುಮಾರು ಕಾಲು ಗಂಟೆ ಹಾರಿ, ಏರಿದ ಮೈದಾನದಲ್ಲಿಯೇ ಇಳಿದನು. ಸ್ಪೆರಿ ಕುಟುಂಬದವರು ನಿರ್ಮಿಸಿದ, ಸದಾ ಸುತ್ತುವ ಗೈರೋಸ್ಕೋಪಿನಿಂದ ನಡೆದು ವಿಮಾನದ ವಾಲುವಿಕೆಯನ್ನು ತೋರುವ ಕೃತಕ ದಿಗಂತವೂ, ಪಾಲ್ ಕಾಲ್ಸ್‌ಮನ್ ರೂಪಿಸಿದ, ಅಲ್ಪಸ್ವಲ್ಪ ಅಡಿಗಳ ವ್ಯತ್ಯಾಸವನ್ನೂ ತೋರಬಲ್ಲ ಆಲ್ಟಿಮೀಟರೂ ಆತನ ಮುಂದಿದ್ದವು. ಮುಂದಿನ ಆಸನದಲ್ಲಿ ಬೆನ್ ಕೆಲ್ಸಿ ಎಂಬ ಮತ್ತೊಬ್ಬ ವೈಮಾನಿಕನು ಅಪಾಯ ಬಂದರೆ ನೆರವಾಗುವುದಕ್ಕೆಂದು ಕುಳಿತಿದ್ದು, ತಾನು ಚಾಲನೆಯನ್ನು ಮುಟ್ಟುತ್ತಿಲ್ಲವೆಂದು ನೋಡುವವರಿಗೆ ತೋರುವಂತೆ ಕೈಗಳನ್ನು ಹೊರಗೆ ಇಟ್ಟುಕೊಂಡಿದ್ದನು. ಅಂದಿನಿಂದ ಮುಂದಕ್ಕೆ ರಾತ್ರಿಯೂ ಮೋಡವೂ ವಿಮಾನಗಳನ್ನು ತಡೆಯುವ ಗೋಡೆಗಳಾಗಿ ಉಳಿಯಲಿಲ್ಲ.

ಆದರೆ ಮಾಪಕವನ್ನು ನಂಬೆಂದು ಬೋಧಿಸಿದ ವಿದ್ಯೆಯು, ನಂಬಿದ ಮಾಪಕವೇ ಕೆಟ್ಟಾಗ ಏನು ಮಾಡಬೇಕೆಂಬುದನ್ನೂ ಬೋಧಿಸಬೇಕಾಯಿತು. ಎರಡನೆಯ ಪಾಠವು ಮೊದಲಿನದಕ್ಕಿಂತ ದುಬಾರಿಯಾಯಿತು.

ಅದರ ಪೂರ್ವಪೀಠಿಕೆಯೆನ್ನಬಹುದಾದ ಘಟನೆಯೊಂದು 1935ರ ಅಕ್ಟೋಬರ್ 30ರಂದು ಓಹಾಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ನಡೆಯಿತು. ಬೋಯಿಂಗ್ ಕಂಪನಿಯ ನಾಲ್ಕು ಎಂಜಿನ್ನುಗಳ ಹೊಸ ಬಾಂಬರ್ ವಿಮಾನವು ಪರೀಕ್ಷಾರ್ಥವಾಗಿ ಮೇಲೇರಿ, ತಕ್ಷಣವೇ ಮೂಗೆತ್ತಿ ನೆಲಕ್ಕೆ ಬಿತ್ತು. ಇಬ್ಬರು ಅನುಭವಿ ಚಾಲಕರು ಅದರಿಂದ ಮೃತರಾದರು. ವಿಮಾನವು ನಿಂತಿರುವಾಗ ಬಾಲದ ಫಲಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರೆಂಬುದು ತನಿಖೆಯಿಂದ ಗೊತ್ತಾಯಿತು. ಯಂತ್ರವು ಮನುಷ್ಯನ ಜ್ಞಾಪಕಶಕ್ತಿಗೆ ಮೀರಿದ್ದಾಯಿತೆಂದು ಅರಿತ ವೈಮಾನಿಕರು, ಉಡ್ಡಯನಕ್ಕೆ ಮುನ್ನ ಮಾಡತಕ್ಕ ಕಾರ್ಯಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಪ್ರತಿ ಸಾರಿಯೂ ಗಟ್ಟಿಯಾಗಿ ಓದಿ ಪರೀಕ್ಷಿಸುವ ಪದ್ಧತಿಯನ್ನು ಆರಂಭಿಸಿದರು. ಚೆಕ್‌ಲಿಸ್ಟ್ ಎಂದು ಇಂದು ಪ್ರಸಿದ್ಧವಾಗಿರುವ ಆಚಾರವು ಬೇರೂರಿದ್ದು ಹೀಗೆ. ರನ್‌ವೇಯ ಮೇಲೆ ವಿಮಾನವು ಓಡುತ್ತಿರುವಾಗ ವೇಗವು 80 ಅಥವಾ 100 ನಾಟ್ ಮುಟ್ಟುತ್ತಲೆ ಒಬ್ಬ ಚಾಲಕನು ಆ ಸಂಖ್ಯೆಯನ್ನು ಕೂಗಿ ಹೇಳುವುದೂ, ಇನ್ನೊಬ್ಬನು ತನ್ನ ಮಾಪಕದಲ್ಲಿಯೂ ಅದೇ ಸಂಖ್ಯೆ ಇದೆಯೆಂದು ನೋಡಿ ಒಪ್ಪುವುದೂ ಅದೇ ಆಚಾರದ ಸಂತತಿ. ಆ ವೇಗದಲ್ಲಿ ವಿಮಾನವನ್ನು ನಿಲ್ಲಿಸುವುದು ಸುಲಭ; ಇನ್ನೂ ಕೆಲವು ಕ್ಷಣ ಕಳೆದು ನಿರ್ಣಾಯಕ ವೇಗವನ್ನು ದಾಟಿದ ಬಳಿಕ ನಿಲ್ಲಿಸಹೊರಟರೆ ರನ್‌ವೇ ಸಾಲದು, ಏರಲೇಬೇಕು.

ಭಾರತೀಯರು ಮರೆಯಬಾರದ ದುರಂತವೊಂದನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು. 1978ರ ಜನವರಿ 1ರ ರಾತ್ರಿ ಏರ್ ಇಂಡಿಯಾ ಸಂಸ್ಥೆಯ ಮೊತ್ತಮೊದಲ ಬೋಯಿಂಗ್ 747 ವಿಮಾನ, ‘ಎಂಪರರ್ ಅಶೋಕ’, 213 ಮಂದಿಯನ್ನು ಹೊತ್ತು ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣದಿಂದ ದುಬೈ ಕಡೆಗೆ ಹೊರಟಿತು. ರನ್‌ವೇ ಮುಗಿಯುತ್ತಲೆ ಅರಬೀಸಮುದ್ರ. ನಗರದ ದೀಪಗಳು ಹಿಂದಕ್ಕೆ ಸರಿದಮೇಲೆ ಎದುರಿಗೆ ಇದ್ದದ್ದು ನೀರು ಯಾವುದು ಆಕಾಶ ಯಾವುದು ಎಂದು ಬೇರ್ಪಡಿಸಲಾಗದ ಕತ್ತಲೆ. ನಿಯಮದಂತೆ ವಿಮಾನವು ಬಲಕ್ಕೆ ಸ್ವಲ್ಪ ತಿರುಗಿ ಮತ್ತೆ ಸಮಸ್ಥಿತಿಗೆ ಬಂದಿತು. ಆದರೆ ಕ್ಯಾಪ್ಟನ್ನರ ಮುಂದಿದ್ದ ಕೃತಕ ದಿಗಂತವು ಬಲಕ್ಕೆ ವಾಲಿದ ಭಂಗಿಯಲ್ಲಿಯೇ ನಿಂತುಬಿಟ್ಟಿತು. ವಿಮಾನವಿನ್ನೂ ಬಲಕ್ಕೆ ವಾಲಿದೆಯೆಂದು ಭಾವಿಸಿ ಅವರು ಎಡಕ್ಕೆ ಚಾಲನೆ ಕೊಟ್ಟರು. ಮುಳ್ಳು ಕದಲದಿರಲು ಮತ್ತಷ್ಟು ಎಡಕ್ಕೆ ಕೊಟ್ಟರು. ತಮ್ಮ ಮಾಪಕಕ್ಕೆ ಏನೋ ಆಗಿದೆಯೆಂದು ಅವರು ನುಡಿದಾಗ ಸಹಚಾಲಕರು ತಮ್ಮದೂ ಕೆಟ್ಟಿತೆಂದರು. ವಿಮಾನವು ನಿಜವಾಗಿಯೇ ವಾಲಿದ್ದರಿಂದ ಸರಿಯಾದ ಮಾಪಕವೂ ಆಗ ಕೆಟ್ಟಂತೆ ತೋರಿರಬಹುದು. ಹಿಂದೆ ಕುಳಿತಿದ್ದ ಫ್ಲೈಟ್ ಎಂಜಿನಿಯರು ಆ ಮಾಪಕವನ್ನು ನಂಬಬೇಡಿರೆಂದು ಎಚ್ಚರಿಸುವ ಹೊತ್ತಿಗೆ ಕಾಲ ಮೀರಿತ್ತು. ನೆಲವನ್ನು ಬಿಟ್ಟ 101 ಸೆಕೆಂಡುಗಳಲ್ಲಿ ವಿಮಾನವು ರೆಕ್ಕೆಯು ಲಂಬವನ್ನು ಮೀರುವಷ್ಟು ಎಡಕ್ಕೆ ಹೊರಳಿ, ಬಾಂದ್ರಾ ತೀರದ ಸಮೀಪ ಸಮುದ್ರಕ್ಕೆ ಧುಮುಕಿತು. ಒಬ್ಬರೂ ಉಳಿಯಲಿಲ್ಲ.

ಕಾಕ್‌ಪಿಟ್ಟಿನಲ್ಲಿ ಆಗ ಕೃತಕ ದಿಗಂತಗಳು ಮೂರಿದ್ದವು: ಕ್ಯಾಪ್ಟನ್ನರದೊಂದು, ಸಹಚಾಲಕರದೊಂದು, ನಡುವೆ ಆಪತ್ಕಾಲಕ್ಕೆಂದು ಇರಿಸಿದ ಚಿಕ್ಕದೊಂದು. ಇಬ್ಬರು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ನ್ಯಾಯಾಧೀಶನು ಮೂರನೆಯ ಸಾಕ್ಷಿಯನ್ನು ಕರೆಯಿಸುವಂತೆ ಆ ಚಿಕ್ಕ ಮಾಪಕದ ಕಡೆಗೆ ದೃಷ್ಟಿ ಹರಿದಿದ್ದರೆ ಸತ್ಯವು ಹೊಳೆಯುತ್ತಿತ್ತು. ಇತರ ಮಾಪಕಗಳ ಆಧಾರದಿಂದ ನಿಯಂತ್ರಣವನ್ನು ಮರಳಿ ಪಡೆಯಲಾಗದೆ ಹೋದದ್ದು ಅಪಘಾತದ ಕಾರಣಗಳಲ್ಲಿ ಒಂದೆಂದು ತನಿಖೆಯೂ ನಿರ್ಣಯಿಸಿತು. ಆದರೆ ಬಹು ವರ್ಷಗಳ ಅನುಭವವುಳ್ಳ ಚಾಲಕನೊಬ್ಬನನ್ನು ಇಷ್ಟರಿಂದಲೇ ದೂಷಿಸಿ ಮುಂದೆ ಸಾಗುವುದು ನ್ಯಾಯವಲ್ಲ. ಜೀವಮಾನವಿಡೀ ಕಣ್ಣೆದುರಿನ ಆ ಒಂದು ಮಾಪಕದಿಂದ ಸತ್ಯವನ್ನೇ ಕೇಳುತ್ತ ಬಂದವನಿಗೆ, ಕತ್ತಲೆಯಲ್ಲಿ, ಕೆಲವೇ ಸೆಕೆಂಡುಗಳಲ್ಲಿ, ಅದು ಸುಳ್ಳೆಂದು ಒಪ್ಪುವುದು ಎಷ್ಟು ದುಷ್ಕರವೆಂಬುದನ್ನು ಮನಗಾಣದವನು ಆ ರಾತ್ರಿಯ ಪಾಠವನ್ನು ಕಲಿಯಲಾರನು.

ಮಾಪಕದ ಸುಳ್ಳನ್ನು ಒಬ್ಬನು ಗುರುತಿಸಿಯೂ ಇನ್ನೊಬ್ಬನು ಕೇಳದೆ ಹೋದ ಪ್ರಸಂಗವು ನಾಲ್ಕು ವರ್ಷಗಳ ಅನಂತರ ನಡೆಯಿತು. 1982ರ ಜನವರಿ 13ರಂದು ಹಿಮವು ಸುರಿಯುತ್ತಿದ್ದ ವಾಷಿಂಗ್‌ಟನ್ ನಗರದಿಂದ ಏರ್ ಫ್ಲಾರಿಡಾ ಕಂಪನಿಯ ಬೋಯಿಂಗ್ 737 ಹೊರಟಾಗ, ಎಂಜಿನ್ನುಗಳ ಮುಂಭಾಗದಲ್ಲಿರುವ ಒತ್ತಡಗ್ರಾಹಕಗಳನ್ನು ಮಂಜುಗಡ್ಡೆಯು ಮುಚ್ಚಿತ್ತು. ಅದನ್ನು ಕರಗಿಸುವ ವ್ಯವಸ್ಥೆಯ ಸ್ವಿಚ್ಚನ್ನು ಹಾಕಿರಲಿಲ್ಲ. ಎಂಜಿನ್ನಿನ ಒತ್ತಡದ ಪ್ರಮಾಣವು 2.04 ಎಂದು ಮುಳ್ಳು ತೋರುತ್ತಿದ್ದಾಗ ನಿಜವಾಗಿ ಅದು 1.70ರಷ್ಟೇ ಇತ್ತು. ಪಕ್ಕದಲ್ಲಿಯೇ ಇದ್ದ ಮಿಕ್ಕ ಮಾಪಕಗಳು ಎಂಜಿನ್ ಮಂದವಾಗಿದೆಯೆಂದು ತೋರುತ್ತಿದ್ದವು. ವಿಮಾನವು ಓಡುತ್ತಿರುವಾಗಲೇ ಇದು ಸರಿಯಲ್ಲವೆಂದು ಸಹಚಾಲಕನು ಒಂದೆರಡು ಬಾರಿಯಲ್ಲ, ಪುನಃಪುನಃ ಹೇಳಿದನು; ಕ್ಯಾಪ್ಟನ್ನನು ಸರಿಯಾಗಿಯೇ ಇದೆಯೆಂದು ಮುಂದುವರಿಸಿದನು. ಏರಲಾರದ ವಿಮಾನವು ಪೊಟೊಮ್ಯಾಕ್ ನದಿಯ ಸೇತುವೆಗೆ ಬಡಿದು, ಹೆಪ್ಪುಗಟ್ಟಿದ ನದಿಗೆ ಬಿತ್ತು. ಸೇತುವೆಯ ಮೇಲಿದ್ದ 4 ಮಂದಿಯೂ ಸೇರಿ 78 ಮಂದಿ ಮಡಿದರು. ಹಿರಿಯನ ಮಾತಿಗೆ ಕಿರಿಯನು ಎದುರಾಡಬಾರದೆಂಬ ಶಿಷ್ಟಾಚಾರವು ಕಾಕ್‌ಪಿಟ್ಟಿನಲ್ಲಿ ಪ್ರಾಣಘಾತಕವೆಂಬ ಅರಿವು ಅದಾಗಲೇ ಮೊಳೆತಿತ್ತು. ಕಿರಿಯನು ಸ್ಪಷ್ಟವಾಗಿ ನುಡಿಯುವುದನ್ನೂ ಹಿರಿಯನು ಕೇಳಿಕೊಳ್ಳುವುದನ್ನೂ ವಿದ್ಯೆಯಂತೆ ಕಲಿಸತಕ್ಕದ್ದೆಂಬ ಚಳವಳಿಯು 1979ರಲ್ಲಿ ನಾಸಾ ಏರ್ಪಡಿಸಿದ ಸಮಾವೇಶದಿಂದ ಹೊರಟು, ಈ ದುರಂತದ ತರುವಾಯ ಲೋಕವ್ಯಾಪಿಯಾಯಿತು.

1996ನೆಯ ಇಸವಿಯು ಇದೇ ಪಾಠವನ್ನು ಎರಡು ಸಲ ಒಪ್ಪಿಸಿತು. ಫೆಬ್ರವರಿ 6ರ ರಾತ್ರಿ ಡೊಮಿನಿಕನ್ ಗಣರಾಜ್ಯದ ಪ್ಯುಯೆರ್ಟೊ ಪ್ಲಾಟಾದಿಂದ ಬಿರ್ಗೆನೇರ್ ಕಂಪನಿಯ ಬೋಯಿಂಗ್ 757 ಹೊರಟಾಗ ಕ್ಯಾಪ್ಟನ್ನನ ವೇಗಮಾಪಕವು ನಡೆಯಲಿಲ್ಲ. ಹಲವು ದಿನಗಳಿಂದ ನಿಂತಿದ್ದ ಆ ವಿಮಾನದ ನಳಿಕೆಯೊಳಗೆ ಕುಂಬಾರ ಹುಳುವು ಮಣ್ಣಿನ ಗೂಡು ಕಟ್ಟಿರಬಹುದೆಂದು ತನಿಖೆಯವರು ಊಹಿಸಿದರು. ರನ್‌ವೇಯಲ್ಲಿಯೇ ಇದು ಗೊತ್ತಾದರೂ ಆತನು ನಿಲ್ಲಿಸಲಿಲ್ಲ. ಏರತೊಡಗಿದಮೇಲೆ ಸತ್ತಿದ್ದ ಮುಳ್ಳು ಜೀವ ಬಂದಂತೆ ಚಲಿಸಿತು. ಮುಚ್ಚಿದ ನಳಿಕೆಯೊಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡವು ಇದ್ದಂತೆಯೇ ಇರುತ್ತದೆ. ಎತ್ತರಕ್ಕೆ ಏರಿದಷ್ಟೂ ಹೊರಗಿನ ಒತ್ತಡವು ಕಡಿಮೆಯಾಗುತ್ತದೆ. ಎರಡರ ಅಂತರವು ಬೆಳೆಯುತ್ತ ಹೋಗುವುದರಿಂದ ಮುಳ್ಳು ಇಲ್ಲದ ವೇಗವನ್ನು ತೋರುತ್ತ ಹೋಗುತ್ತದೆ. ಅತಿವೇಗವೆಂದು ನಂಬಿದ ಸ್ವಯಂಚಾಲಕ ಯಂತ್ರವು ಮೂಗನ್ನು ಎತ್ತಿತು, ಎಂಜಿನ್ನುಗಳ ಶಕ್ತಿಯು ತಗ್ಗಿತು, ನಿಜವಾದ ವೇಗವು ಕುಸಿಯಿತು. ಅತಿವೇಗದ ಎಚ್ಚರಿಕೆಯೂ ಅಲ್ಪವೇಗದ ಎಚ್ಚರಿಕೆಯೂ ಏಕಕಾಲದಲ್ಲಿ ಮೊಳಗಿದವು. 189 ಮಂದಿಯೊಡನೆ ವಿಮಾನವು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಸಹಚಾಲಕನ ವೇಗಮಾಪಕವು ಆದ್ಯಂತವಾಗಿ ಸತ್ಯವನ್ನೇ ಹೇಳುತ್ತಿತ್ತು.

ಅದೇ ವರ್ಷದ ಅಕ್ಟೋಬರ್ 2ರಂದು ಪೆರು ದೇಶದ ಲೀಮಾದಿಂದ ಏರಿದ ಏರೋಪೆರು ಕಂಪನಿಯ ವಿಮಾನದಲ್ಲಿ ಕೆಟ್ಟದ್ದು ನಳಿಕೆಯಲ್ಲ, ಪಾರ್ಶ್ವರಂಧ್ರಗಳು. ವಿಮಾನವನ್ನು ತೊಳೆಯುವಾಗ ನೀರು ಹೋಗದಂತೆ ಅವುಗಳ ಮೇಲೆ ಅಂಟಿಸಿದ ಟೇಪನ್ನು ಕೀಳಲು ಮರೆತಿದ್ದರು. ವೇಗ, ಎತ್ತರ, ಏರಿಳಿತ ಎಲ್ಲವೂ ಒಮ್ಮೆಲೇ ಅಸತ್ಯವಾದವು. ಕತ್ತಲೆಯ ಪೆಸಿಫಿಕ್ ಸಾಗರದ ಮೇಲೆ ದಾರಿಗಾಣದ ಚಾಲಕರು ತಮ್ಮ ಎತ್ತರವೆಷ್ಟೆಂದು ನಿಯಂತ್ರಣಗೃಹವನ್ನು ಕೇಳಿದರು; ಅಲ್ಲಿಂದ ಬಂದ ಉತ್ತರವು ಒಂಬತ್ತು ಸಾವಿರ ಅಡಿಗಳಿಗೂ ಮಿಗಿಲು. ನಿಯಂತ್ರಕನ ಪರದೆಯ ಮೇಲೆ ಮೂಡುತ್ತಿದ್ದ ಸಂಖ್ಯೆಯು ಅದೇ ವಿಮಾನದ ಅದೇ ಕೆಟ್ಟ ಮಾಪಕವು ಕಳುಹಿಸಿದ್ದೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಆ ಎತ್ತರವನ್ನು ನಂಬಿಕೊಂಡಿರುವಾಗಲೇ ರೆಕ್ಕೆಯು ನೀರಿಗೆ ತಗುಲಿತು. 70 ಮಂದಿ ಅಸುನೀಗಿದರು. ಹೊರಗಿನಿಂದ ಬಂದ ಸಾಕ್ಷ್ಯವಾದರೂ ಅದರ ಮೂಲವು ಬೇರೆಯೇ ಆಗಿದ್ದರೆ ಮಾತ್ರ ಅದಕ್ಕೆ ಬೆಲೆಯುಂಟೆಂಬ ತರ್ಕಶಾಸ್ತ್ರದ ಸೂತ್ರವು ಇಷ್ಟು ಕ್ರೂರವಾಗಿ ಸಿದ್ಧಪಟ್ಟದ್ದು ಅಪೂರ್ವ.

ಇಷ್ಟೆಲ್ಲ ಕಷ್ಟದಿಂದ ಸಂಗ್ರಹವಾದ ವಿವೇಕವು ಇಂದು ಕೆಲವೇ ವಾಕ್ಯಗಳಲ್ಲಿ ಅಡಗಿ, ಪ್ರತಿಯೊಬ್ಬ ಚಾಲಕನಿಗೂ ಕಂಠಸ್ಥವಾಗಿದೆ. ವೇಗಮಾಪಕವನ್ನು ಶಂಕಿಸಿದ ಕೂಡಲೆ ಸ್ವಯಂಚಾಲಕವನ್ನು ಬಿಡಿಸು. ಮೂಗನ್ನು ಇಷ್ಟು ಡಿಗ್ರಿಗೂ ಎಂಜಿನ್ನನ್ನು ಇಷ್ಟು ಶಕ್ತಿಗೂ ಇಡು. ವಿಮಾನವು ಹಾರುತ್ತಿರಲಿ, ಆಮೇಲೆ ಯಾವ ಮಾಪಕ ಕೆಟ್ಟಿತೆಂದು ವಿಚಾರಿಸು. ಏರ್‌ಬಸ್ ಎ320 ವರ್ಗದ ವಿಮಾನದಲ್ಲಿ ಉಡ್ಡಯನದ ಮೊದಲ ಹಂತದಲ್ಲಿ ಪೂರ್ಣಶಕ್ತಿಯೊಡನೆ 15 ಡಿಗ್ರಿ. ಆ ಹಂತವನ್ನು ದಾಟಿ 10,000 ಅಡಿಗಳವರೆಗೆ ಏರುಶಕ್ತಿಯೊಡನೆ 10 ಡಿಗ್ರಿ. ಅದರಿಂದಾಚೆಗೆ 5 ಡಿಗ್ರಿ. ಈ ಭಂಗಿ ಮತ್ತು ಶಕ್ತಿಗಳ ಜೋಡಿಯನ್ನು ಹಿಡಿದರೆ ವೇಗವು ಅಪಾಯದ ಎಲ್ಲೆಗಳ ನಡುವೆಯೇ ಉಳಿಯುತ್ತದೆಂಬುದು ಭೌತಶಾಸ್ತ್ರದ ಭರವಸೆ. ಭಂಗಿಯನ್ನು ತೋರುವ ಮಾಪಕಕ್ಕೆ ಮುಚ್ಚಿಹೋದ ನಳಿಕೆಯ ಹಂಗಿಲ್ಲ. ಆಲೋಚನೆಗೆ ಸಮಯವಿಲ್ಲದ ಕಡೆ ಆಲೋಚಿಸಬೇಕಾದದ್ದನ್ನೆಲ್ಲ ನೆಲದ ಮೇಲೆಯೇ ಆಲೋಚಿಸಿ ಮುಗಿಸಿರಬೇಕು, ಮೇಲೆ ಉಳಿಯತಕ್ಕದ್ದು ಆಚರಣೆಯೊಂದೇ ಎಂಬುದು ಇದರ ತಾತ್ಪರ್ಯ.

ಆ ವಿದ್ಯೆಯು ಫಲಿಸಿದ ನಿದರ್ಶನವೂ ಉಂಟು. ಆಸ್ಟ್ರೇಲಿಯದ ಬ್ರಿಸ್ಬೇನ್ ನಿಲ್ದಾಣದಲ್ಲಿ ಕುಂಬಾರ ಹುಳುಗಳ ಉಪದ್ರವವು ಹೆಚ್ಚು. ಆದುದರಿಂದ ನಿಂತ ವಿಮಾನಗಳ ನಳಿಕೆಗಳಿಗೆ ಚೀಲದಂಥ ಮುಚ್ಚಳವನ್ನು ತೊಡಿಸುವುದು ಅಲ್ಲಿನ ರೂಢಿ. 2018ರ ಜುಲೈ 18ರ ರಾತ್ರಿ ಮಲೇಷಿಯಾ ಏರ್‌ಲೈನ್ಸ್‌ನ ಏರ್‌ಬಸ್ ಎ330 ವಿಮಾನವು ಮೂರು ನಳಿಕೆಗಳಿಗೂ ಆ ಮುಚ್ಚಳಗಳನ್ನು ತೊಟ್ಟುಕೊಂಡೇ ಆಕಾಶಕ್ಕೇರಿತು. ನೆಲದ ಮೇಲೆ ಹಲವರ ಕಣ್ಣು ತಪ್ಪಿತ್ತು. ರನ್‌ವೇಯಲ್ಲಿ ವೇಗದ ಸಂಖ್ಯೆ ಕಾಣದಿದ್ದುದನ್ನು ಅರಿತು ನಿಲ್ಲಿಸುವ ಹೊತ್ತು ಮೀರಿತ್ತು. ಆದರೆ ಮೇಲೇರಿದ ಬಳಿಕ ಚಾಲಕರು ಧೃತಿಗೆಡದೆ, ಭಂಗಿ ಶಕ್ತಿಗಳನ್ನು ಹಿಡಿದು, ಕೆಟ್ಟ ಮಾಪಕವ್ಯವಸ್ಥೆಯನ್ನು ಬುದ್ಧಿಪೂರ್ವಕವಾಗಿ ಸ್ಥಗಿತಗೊಳಿಸಿ, ನಳಿಕೆಯನ್ನು ಆಶ್ರಯಿಸದ ಬದಲಿ ವೇಗಸೂಚಿಯ ನೆರವಿನಿಂದ ಅದೇ ನಿಲ್ದಾಣಕ್ಕೆ ಮರಳಿ ಇಳಿದರು. 229 ಮಂದಿಯಲ್ಲಿ ಒಬ್ಬರಿಗೂ ಪೆಟ್ಟಾಗಲಿಲ್ಲ. ಪ್ಯುಯೆರ್ಟೊ ಪ್ಲಾಟಾದಲ್ಲಿ ಒಂದು ನಳಿಕೆ ಕೆಟ್ಟು 189 ಜೀವಗಳು ಹೋದವು. ಬ್ರಿಸ್ಬೇನಿನಲ್ಲಿ ಮೂರು ನಳಿಕೆಗಳೂ ಮುಚ್ಚಿದ್ದು ಎಲ್ಲರೂ ಉಳಿದರು. ನಡುವಣ 22 ವರ್ಷಗಳಲ್ಲಿ ಮನುಷ್ಯನು ಕಲಿತದ್ದೆಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕಿಲ್ಲ.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಪಾಲು ಸಲ್ಲುತ್ತದೆ. 1957ರಲ್ಲಿ ಸ್ಥಾಪಿತವಾದ ಭಾರತೀಯ ವಾಯುಸೇನೆಯ ವೈಮಾನಿಕ ವೈದ್ಯಸಂಸ್ಥೆಯು ವಿಮಾನಪುರದಲ್ಲಿದ್ದು, ಓಕರನ ತಿರುಗುಕುರ್ಚಿಯು ತೋರಿಸಿದ ದಿಗ್ಭ್ರಮೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ, ಶರೀರವು ಹೇಗೆ ಮೋಸ ಮಾಡುತ್ತದೆಂಬುದನ್ನು ಚಾಲಕರಿಗೆ ನೆಲದ ಮೇಲೆಯೇ ಅನುಭವಕ್ಕೆ ತಂದುಕೊಡುತ್ತದೆ. ಮೋಸವನ್ನು ಒಮ್ಮೆ ಉಂಡವನು ಎರಡನೆಯ ಬಾರಿ ಅದಕ್ಕೆ ಸುಲಭವಾಗಿ ಸೋಲುವುದಿಲ್ಲ.

ಒಟ್ಟಿನಲ್ಲಿ ಈ ಚರಿತ್ರೆಯು ಹೇಳುವುದಿಷ್ಟು: ಮೊದಲು ಮನುಷ್ಯನು ತನ್ನ ಇಂದ್ರಿಯಗಳನ್ನು ನಂಬಿ ಕೆಟ್ಟನು, ಆಮೇಲೆ ಒಂದೇ ಮಾಪಕವನ್ನು ನಂಬಿ ಕೆಟ್ಟನು, ಕೊನೆಗೆ, ಹಲವು ಮಾಪಕಗಳನ್ನು ಪರಸ್ಪರ ತೂಗಿ ನೋಡುವುದರಲ್ಲಿಯೂ, ಕಂಡದ್ದನ್ನು ಸಂಕೋಚವಿಲ್ಲದೆ ಜತೆಗಾರನಿಗೆ ನುಡಿಯುವುದರಲ್ಲಿಯೂ, ಸಂದೇಹ ಬಂದಾಗ ನೆಲದ ಮೇಲೆಯೇ ನಿಲ್ಲುವುದರಲ್ಲಿಯೂ ಕ್ಷೇಮವಿದೆಯೆಂದು ಕಂಡುಕೊಂಡನು. ಆದುದರಿಂದ ಓದುಗರಲ್ಲಿ ಒಂದು ಬಿನ್ನಹ. ತಾವು ಕುಳಿತ ವಿಮಾನವು ರನ್‌ವೇಯಲ್ಲಿ ಓಡುತ್ತ ಓಡುತ್ತ ಥಟ್ಟನೆ ನಿಂತು, ಮಾಪಕವೊಂದರಲ್ಲಿ ದೋಷವಿರುವುದರಿಂದ ಹಿಂದಿರುಗುತ್ತಿದ್ದೇವೆಂದು ಕ್ಯಾಪ್ಟನ್ನರು ಸಾರಿದರೆ, ಹೊತ್ತು ಕೆಟ್ಟಿತೆಂದು ಗೊಣಗಬೇಡಿ. ತಮ್ಮ ಪ್ರಾಣವು ಯೋಗ್ಯರ ಕೈಯಲ್ಲಿದೆಯೆಂದು ತಿಳಿದು, ಇಳಿದು ಹೋಗುವಾಗ ಅವರಿಗೊಂದು ನಮಸ್ಕಾರವನ್ನು ಹೇಳಿ.